ಜಾಮೀನು ಸಿಕ್ಕಿ ನಾಲ್ಕು ತಿಂಗಳಾಯ್ತು, ಹುಡುಗ ಇನ್ನೂ ಜೈಲಲ್ಲೇ ಇದ್ದಾನೆ. ಇದು ಶಿಕ್ಷೆ ಅಲ್ವಾ?

ಪ್ರಶ್ನೆ ಕೇಳಿದವರು: ರಾಯಚೂರಿನ ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ನಾನು ಎಲ್‌ಎಲ್‌ಬಿ ಮೊದಲ ವರ್ಷ. ಬೆಳಿಗ್ಗೆ ಕಾಲೇಜು, ಮಧ್ಯಾಹ್ನದ ಮೇಲೆ ಒಂದು ಜೆರಾಕ್ಸ್ ಅಂಗಡಿಯಲ್ಲಿ ಕೆಲಸ. ಈ ಪ್ರಶ್ನೆ ಹುಟ್ಟಿದ್ದು ಕಾಲೇಜಲ್ಲಿ ಅಲ್ಲ, ಆ ಅಂಗಡಿಯಲ್ಲಿ.

ನಮ್ಮ ಓಣಿಯ ಒಬ್ಬ ಹುಡುಗ ಸೆಂಟ್ರಿಂಗ್ ಕೆಲಸಕ್ಕೆ ಬೆಂಗಳೂರಿಗೆ ಹೋಗಿದ್ದ. 22 ವರ್ಷ. ಸೈಟಿನಲ್ಲಿ ಕಬ್ಬಿಣದ ಶೀಟುಗಳು ಕಳುವಾದವು ಅಂತ ಗುತ್ತಿಗೆದಾರ ದೂರು ಕೊಟ್ಟ. ಅಲ್ಲೇ ಶೆಡ್ಡಿನಲ್ಲಿ ಮಲಗುತ್ತಿದ್ದ ಮೂವರನ್ನು ಪೊಲೀಸರು ಹಿಡಿದರು. ಇವನೂ ಒಬ್ಬ. ಹಿಂದೆ ಯಾವ ಕೇಸೂ ಇಲ್ಲ. ಇಪ್ಪತ್ತೈದು ದಿನಕ್ಕೆ ಜಾಮೀನು ಆಯ್ತು. 50,000 ರೂಪಾಯಿ ಬಾಂಡು, ಅಷ್ಟೇ ಮೊತ್ತಕ್ಕೆ ಒಬ್ಬ ಸ್ಥಳೀಯ ಶ್ಯೂರಿಟಿ, ಅಂದರೆ ಅವನ ಪರವಾಗಿ ಹೊಣೆ ನಿಲ್ಲುವವರು. ಅದಾಗಿ ನಾಲ್ಕು ತಿಂಗಳು ಕಳೆದಿದೆ.

ಅವನ ತಾಯಿ ಖಾನಾವಳಿಯೊಂದರಲ್ಲಿ ರೊಟ್ಟಿ ಬಡಿಯುತ್ತಾರೆ. ಆರ್ಡರ್ ಕಾಪಿಯನ್ನು ಸಕ್ಕರೆ ಪಾಕೀಟಿನ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು ಅಂಗಡಿಗೆ ಬಂದಿದ್ದರು. ಇಂಗ್ಲಿಷಿನಲ್ಲಿತ್ತು. ಓದಿ ಹೇಳಿದೆ. ಅವರು ಕೇಳಿದ್ದು ಇಷ್ಟೇ: "ಇದರಾಗ ಬಿಡ್ರಿ ಅಂತ ಬರ್ದಾರ ಹೌದಿಲ್ಲೋ? ಮತ್ತ್ಯಾಕ ಬಿಡವಲ್ರು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವನ ದೊಡ್ಡಪ್ಪ ಎರಡು ಎಕರೆ ಪಹಣಿ ತಗೊಂಡು ಬೆಂಗಳೂರಿಗೆ ಹೋಗಿದ್ದರಂತೆ. ಜಮೀನು ರಾಯಚೂರು ಜಿಲ್ಲೆಯದ್ದು, ಲೋಕಲ್ ಶ್ಯೂರಿಟಿ ಬೇಕು ಅಂತ ವಾಪಸ್ ಕಳಿಸಿದರು. ಕೋರ್ಟ್ ಹೊರಗೆ ಯಾರೋ ಒಬ್ಬ, ಎಂಟು ಸಾವಿರ ಕೊಟ್ಟರೆ ನಾನೇ ನಿಲ್ಲುತ್ತೇನೆ ಅಂದನಂತೆ. ಎಂಟು ಸಾವಿರ ಇವರಿಗೆ ತಿಂಗಳ ಸಂಬಳಕ್ಕಿಂತ ಜಾಸ್ತಿ.

ಮೊನ್ನೆ ಕ್ಲಾಸ್ ಟೆಸ್ಟಿನಲ್ಲಿ "ಅಪರಾಧ ಸಾಬೀತಾಗುವವರೆಗೂ ಆರೋಪಿ ನಿರಪರಾಧಿ" ಅಂತ ಬರೆದೆ. "ಜಾಮೀನು ನಿಯಮ, ಜೈಲು ಅಪವಾದ" ಅಂತಲೂ ಬರೆದೆ. ಪೂರ್ತಿ ಮಾರ್ಕ್ಸ್ ಬಂತು. ಮನೆಗೆ ಬಂದು ಆ ತಾಯಿಯ ಮುಖ ನೋಡಲು ಆಗಲಿಲ್ಲ.

ನನ್ನ ಪ್ರಶ್ನೆ ಎರಡು. ಶಿಕ್ಷೆ ಆಗಿಲ್ಲದಿದ್ದರೆ ಅವನು ಅಲ್ಲಿ ಕಳೆಯುತ್ತಿರುವ ದಿನಗಳಿಗೆ ಏನು ಹೆಸರು? ಮತ್ತೆ, ಅದೇ ಊರಿನ ಶ್ಯೂರಿಟಿಯೇ ಬೇಕು ಅನ್ನುವುದು ಕಾನೂನಾ, ಬರೀ ರೂಢಿಯಾ?

———

ಉತ್ತರ 1: ನಿವೃತ್ತ ಶಿರಸ್ತೇದಾರ

ನೋಡಮ್ಮ, ನಾನು 31 ವರ್ಷ ಮ್ಯಾಜಿಸ್ಟ್ರೇಟ್ ಕೋರ್ಟುಗಳಲ್ಲಿ ಕೆಲಸ ಮಾಡಿದವನು. ಬೆಂಚ್ ಕ್ಲರ್ಕ್ ಆಗಿ ಶುರು, ಶಿರಸ್ತೇದಾರನಾಗಿ ಮುಗಿಸಿದೆ. ಸಾವಿರಾರು ಜಾಮೀನು ಬಾಂಡುಗಳು ನನ್ನ ಕೈಯಲ್ಲಿ ಹೋಗಿವೆ. ನೀವು ಕೇಳಿದ್ದು ನನ್ನನ್ನು ನಿವೃತ್ತಿ ಆದ ಮೇಲೂ ಕಾಡುವ ಪ್ರಶ್ನೆ. ಹಾಗಾಗಿ ಉದ್ದ ಬರೆಯುತ್ತೇನೆ.

ಮೊದಲು ಹೆಸರು. ಕಾನೂನು ಅದನ್ನು ನ್ಯಾಯಾಂಗ ಬಂಧನ ಅನ್ನುತ್ತದೆ, ಅವನನ್ನು ವಿಚಾರಣಾಧೀನ ಕೈದಿ ಅನ್ನುತ್ತದೆ. ಶಿಕ್ಷೆ ಅನ್ನುವುದಿಲ್ಲ. ಆದರೆ ಒಂದು ವಿಷಯ ಗಮನಿಸಿ. ನಾಳೆ ಅವನಿಗೆ ಒಂದು ವರ್ಷ ಶಿಕ್ಷೆ ಆಯ್ತು ಅಂದುಕೊಳ್ಳಿ. ಆಗ ಈಗ ಕಳೆದ ದಿನಗಳನ್ನು ಶಿಕ್ಷೆಯಲ್ಲಿ ವಜಾ ಮಾಡುತ್ತಾರೆ. ಹಳೇ ಸಿಆರ್‌ಪಿಸಿಯಲ್ಲಿ (ದಂಡ ಪ್ರಕ್ರಿಯಾ ಸಂಹಿತೆ) 428ನೇ ಕಲಂ, ಈಗಿನ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 468. ಅಂದರೆ ಜೈಲಿನ ಒಂದು ದಿನ ಒಂದು ದಿನವೇ ಅಂತ ಕಾನೂನು ತಾನೇ ಲೆಕ್ಕ ಇಡುತ್ತದೆ. ಇನ್ನು ಅವನು ನಿರ್ದೋಷಿ ಅಂತ ಬಿಡುಗಡೆ ಆದರೆ? ಆಗ ಆ ದಿನಗಳನ್ನು ಕಳೆಯಲು ಯಾವ ಲೆಕ್ಕವೂ ಇಲ್ಲ. ತಪ್ಪು ಮಾಡಿದವನ ದಿನ ಲೆಕ್ಕಕ್ಕೆ ಬರುತ್ತದೆ, ಮಾಡದವನ ದಿನ ಹಾಗೇ ಹೋಗುತ್ತದೆ. ಕೆಲಸದಲ್ಲಿದ್ದಾಗ ಆ ವಜಾ ಲೆಕ್ಕವನ್ನು ಎಷ್ಟೋ ಸಲ ಬರೆದಿದ್ದೇನೆ. ಬರೆಯುವಾಗೆಲ್ಲ ಇದೇ ಯೋಚನೆ.

ಜಾಮೀನು ಯಾಕಿದೆ ಅನ್ನುವುದನ್ನು ಜನ ಮರೆಯುತ್ತಾರೆ. ಅವನು ಒಳ್ಳೆಯವನೋ ಕೆಟ್ಟವನೋ ಅಂತ ತೂಗುವುದಕ್ಕಲ್ಲ. ಕರೆದ ದಿನ ಕೋರ್ಟಿಗೆ ಬರಬೇಕು, ಸಾಕ್ಷಿಗಳ ತಂಟೆಗೆ ಹೋಗಬಾರದು, ಮತ್ತೆ ಅಂಥದ್ದೇ ಕೆಲಸ ಮಾಡಬಾರದು. ಮುಖ್ಯವಾಗಿ ಇಷ್ಟೇ. ಶ್ಯೂರಿಟಿ ಅಂದರೆ "ಇವನನ್ನು ನಾನು ಕರೆತರುತ್ತೇನೆ, ತರದಿದ್ದರೆ ನನ್ನ ಆಸ್ತಿಯಿಂದ ದುಡ್ಡು ಹಿಡ್ಕೊಳ್ಳಿ" ಅನ್ನುವ ಮಾತು. ಮಾತು ಕೊಡುವವನಿಗೆ ಅವನ ಪರಿಚಯ ಇರಬೇಕು. ನಾವು ಕೋರ್ಟಿನವರು ನಿಧಾನಕ್ಕೆ ಪರಿಚಯ ಬಿಟ್ಟು ಪಹಣಿ ಮಾತ್ರ ಹಿಡಿದುಕೊಂಡೆವು.

ಹತ್ತಿರದಿಂದ ಕಂಡ ಒಂದು ದಿನ ಹೇಳುತ್ತೇನೆ. ಶ್ಯೂರಿಟಿ ಬಂದವರನ್ನು ಮ್ಯಾಜಿಸ್ಟ್ರೇಟ್ ಸಾಹೇಬರು ಕಟಕಟೆಗೆ ಕರೆದು ಕೇಳುತ್ತಾರೆ. ಆರೋಪಿ ನಿಮಗೆ ಏನಾಗಬೇಕು? ಎಷ್ಟು ಜಮೀನಿದೆ? ಬೇರೆ ಯಾರಿಗಾದರೂ ನಿಂತಿದ್ದೀರಾ? ಅವತ್ತು ಒಬ್ಬ ನಡುವಯಸ್ಸಿನ ಮನುಷ್ಯ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದ. ಪಹಣಿ ಇತ್ತು, ಆಧಾರ್ ಇತ್ತು, ಫೋಟೊ ಇತ್ತು. "ಆರೋಪಿ ತಂದೆ ಹೆಸರೇನು?" ಅಂತ ಕೇಳಿದರು. ಅವನು ಎಡಗೈ ಬಿಚ್ಚಿ ನೋಡಿಕೊಂಡ. ಅಂಗೈ ಮೇಲೆ ಬಾಲ್‌ಪೆನ್ನಿನಲ್ಲಿ ಬರೆದುಕೊಂಡಿದ್ದ. ಬೆವರಿಗೆ ಅಳಿಸಿಹೋಗಿತ್ತು. ಬಾಯಿ ತೆಗೆಯಲಿಲ್ಲ. ಸಾಹೇಬರು ಅವನನ್ನು ಇಳಿಸಿದರು. ನಿಮ್ಮ ಎಂಟು ಸಾವಿರದವನು ಇದೇ ಥರದವನು. ದಯವಿಟ್ಟು ಅವನ ಹತ್ತಿರ ಹೋಗಬೇಡಿ. ಪಹಣಿ ನಕಲಿ ಅಂತ ಗೊತ್ತಾದರೆ ಅವನ ಮೇಲೆ ಕೇಸು, ನಿಮ್ಮ ಹುಡುಗನ ಜಾಮೀನೂ ಹೋಗುತ್ತದೆ.

ಇನ್ನೊಬ್ಬನ ನೆನಪೂ ಇದೆ. ಕಲ್ಲು ಒಡೆಯುವ ಕೂಲಿ. ಶ್ಯೂರಿಟಿ ಇರಲಿಲ್ಲ. ಆಗಿದ್ದ ಸಾಹೇಬರು ಸ್ವಂತ ಬಾಂಡಿನ ಮೇಲೆ ಬಿಟ್ಟರು. ಹದಿನಾಲ್ಕು ವಾಯಿದೆ ನಡೆಯಿತು. ಹದಿನಾಲ್ಕಕ್ಕೂ ಬಂದ. ಬೆಳಗಿನ ಬಸ್ಸು ತಪ್ಪಿದರೆ ಕಷ್ಟ ಅಂತ ಹಿಂದಿನ ರಾತ್ರಿಯೇ ಬಂದು ಬಸ್‌ಸ್ಟ್ಯಾಂಡಿನಲ್ಲಿ ಮಲಗುತ್ತಿದ್ದ. ಬೆಳಿಗ್ಗೆ ನಾನು ಬೀಗ ತೆಗೆಯುವಾಗ ಕಾರಿಡಾರಿನಲ್ಲಿ ಕೂತಿರುತ್ತಿದ್ದ. ವಾರಂಟು ಹೋದ ಕೇಸುಗಳಲ್ಲಿ ನಾನು ಜಾಸ್ತಿ ಕಂಡದ್ದು ಓಡಿಹೋದವರನ್ನಲ್ಲ. ಮುಂದಿನ ತಾರೀಕು ಸರಿಯಾಗಿ ಕೇಳಿಸಿಕೊಳ್ಳದವರು, ವಕೀಲರ ಫೋನ್ ಸಿಗದವರು, ಆ ದಿನದ ಕೂಲಿ ಬಿಡಲಾಗದವರು. ಪಹಣಿ ಇವರ್ಯಾರನ್ನೂ ಕರೆತರುವುದಿಲ್ಲ. ಒಂದು ಚೀಟಿಯಲ್ಲಿ ತಾರೀಕು ಬರೆದುಕೊಟ್ಟರೆ ಬರುತ್ತಾರೆ. ನಾನು ಬರೆದುಕೊಡುತ್ತಿದ್ದೆ.

ಎರಡನೇ ಪ್ರಶ್ನೆಗೆ ಉತ್ತರ: ಸ್ಥಳೀಯ ಶ್ಯೂರಿಟಿಯೇ ಆಗಬೇಕು ಅಂತ ಕಾನೂನಿನಲ್ಲಿ ಬರೆದಿಲ್ಲ. 1978ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಹೇಳಿದೆ. ಮೋತಿರಾಮ್ ಕೇಸು, ಮಧ್ಯಪ್ರದೇಶದ್ದು. ಅವನೂ ನಿಮ್ಮ ಹುಡುಗನ ಹಾಗೆ ಕಟ್ಟಡದವನೇ, ಗಾರೆ ಕೆಲಸದವನು. ಮ್ಯಾಜಿಸ್ಟ್ರೇಟ್ 10,000 ರೂಪಾಯಿ ಶ್ಯೂರಿಟಿ ಕೇಳಿದರು. ಅಣ್ಣತಮ್ಮನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಅಂತ ಅವನ ಶ್ಯೂರಿಟಿಯನ್ನು ಒಪ್ಪಲಿಲ್ಲ. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಆ ತೀರ್ಪಿನಲ್ಲಿ ಹೆಸರು ಹಿಡಿದೇ ಕೇಳಿದ್ದಾರೆ: ಒಬ್ಬ ಮಲಯಾಳಿಯೋ ಕನ್ನಡಿಗನೋ ಬಸ್ತಾರ್‌ನಲ್ಲಿ ಬಂಧನ ಆದರೆ ಅಲ್ಲಿ ಆಸ್ತಿ ಇರುವವರನ್ನು ಎಲ್ಲಿಂದ ತರಬೇಕು ಅಂತ. ಕೊನೆಗೆ 1,000 ರೂಪಾಯಿ ಸ್ವಂತ ಬಾಂಡಿನ ಮೇಲೆ ಬಿಡಿಸಿದರು. ಇಲ್ಲಿ ಕನ್ನಡಿಗನೊಬ್ಬ ಕರ್ನಾಟಕದ ಒಳಗೇ ಸಿಕ್ಕಿಕೊಂಡಿದ್ದಾನೆ. ರಾಯಚೂರಿನ ಪಹಣಿಯನ್ನು ಭೂಮಿ ತಂತ್ರಾಂಶದಲ್ಲಿ ಬೆಂಗಳೂರಲ್ಲಿ ಕೂತು ಎರಡು ನಿಮಿಷದಲ್ಲಿ ನೋಡಬಹುದು. ಮೊದಲು ಆಸ್ತಿ ಪರಿಶೀಲನೆಗೆ ಕಾಗದ ಕಳಿಸಿ ವಾರಗಟ್ಟಲೆ ಕಾಯಬೇಕಿತ್ತು, ಆಗ ಹತ್ತಿರದವರು ಬೇಕು ಅನ್ನುವುದಕ್ಕೆ ಒಂದು ಅರ್ಥ ಇತ್ತು. ಈಗ ಯಾಕೆ ಬೇಕು?

ಇನ್ನು ಮಾಡಬೇಕಾದ್ದು. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಒಂದು ಆದೇಶ ಮಾಡಿದೆ. ಜಾಮೀನು ಆಗಿ ಏಳು ದಿನದಲ್ಲಿ ಕೈದಿ ಹೊರಗೆ ಬರದಿದ್ದರೆ ಜೈಲು ಸೂಪರಿಂಟೆಂಡೆಂಟ್ ಅದನ್ನು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ಒಂದು ತಿಂಗಳಾದರೂ ಬಾಂಡು ಕೊಡಲು ಆಗದಿದ್ದರೆ ಕೋರ್ಟ್ ತಾನಾಗಿಯೇ ಷರತ್ತು ಸಡಿಲಿಸುವುದನ್ನು ಯೋಚಿಸಬಹುದು. ಸ್ಥಳೀಯ ಶ್ಯೂರಿಟಿ ಕೇಳುವುದೇ ತಡಕ್ಕೆ ಒಂದು ಕಾರಣ ಅಂತಲೂ ಅದರಲ್ಲಿದೆ. ನಾಲ್ಕು ತಿಂಗಳಾದರೂ ಯಾರೂ ಅರ್ಜಿ ಹಾಕಿಲ್ಲ ಅಂದರೆ ನನಗೆ ಬೇಸರ ಆಗುತ್ತದೆ.

ನೀವು 15100ಕ್ಕೆ ಫೋನ್ ಮಾಡಿ. ಅದು ಕಾನೂನು ನೆರವಿನ ನಂಬರ್. ಬಂಧನದಲ್ಲಿ ಇರುವವರಿಗೆ ಆದಾಯ ಎಷ್ಟೇ ಇರಲಿ, ವಕೀಲರು ಪುಕ್ಕಟೆ. ಜಾಮೀನು ಕೊಟ್ಟ ಕೋರ್ಟಿನಲ್ಲೇ ಷರತ್ತು ಮಾರ್ಪಾಡಿಗೆ ಅರ್ಜಿ ಹಾಕಿಸಿ. ತಾಯಿಯ ಆದಾಯ ಪ್ರಮಾಣಪತ್ರ, ದೊಡ್ಡಪ್ಪನ ಪಹಣಿ, ಓಣಿಯಲ್ಲಿ ಎಷ್ಟು ವರ್ಷದಿಂದ ಇದ್ದಾರೆ ಅನ್ನುವುದಕ್ಕೆ ರೇಷನ್ ಕಾರ್ಡ್, ಎಲ್ಲ ಲಗತ್ತಿಸಿ. ಕೇಂದ್ರ ಸರ್ಕಾರದ್ದೂ ಒಂದು ಯೋಜನೆ 2023ರಲ್ಲಿ ಬಂದಿದೆ. ಬಡ ವಿಚಾರಣಾಧೀನ ಕೈದಿಗೆ ಜಾಮೀನಿಗಾಗಿ ಹಣದ ಸಹಾಯ, ಶುರುವಾದಾಗ 40,000 ರೂಪಾಯಿವರೆಗೆ ಇತ್ತು. ಅದಕ್ಕೆ ಜಿಲ್ಲೆಯಲ್ಲಿ ಒಂದು ಸಮಿತಿ ಇರುತ್ತದೆ.

ಅದೇ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಂ ಬಗ್ಗೆ ಯಾರಾದರೂ ಹೇಳಬಹುದು. ಮೊದಲ ಸಲ ಸಿಕ್ಕಿಬಿದ್ದವರು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೆ ಕಳೆದರೆ ಬಿಡಬೇಕು ಅಂತ. ಸಾದಾ ಕಳ್ಳತನಕ್ಕೆ ಗರಿಷ್ಠ ಮೂರು ವರ್ಷ, ಹಾಗಾಗಿ ಒಂದು ವರ್ಷ ಆಗಬೇಕು. ಅಲ್ಲಿಯವರೆಗೆ ಸುಮ್ನೆ ಕಾಯಬೇಡಿ.

———

ಉತ್ತರ 2: ಮಳವಳ್ಳಿ ಕಡೆಯ ರೈತ

ಎಲ್ಲ ಸರಿ. ಕದ್ದವರ ಕಷ್ಟ ಮಾತಾಡುವವರು ಇದ್ದಾರೆ, ಕಳಕೊಂಡವರ ಕಡೆ ಯಾರೂ ಇಲ್ಲ. ಹೋದ ವರ್ಷ ನನ್ನ ಪಂಪ್‌ಸೆಟ್ಟಿನ ಮೋಟಾರು, ಕೇಬಲ್ಲು ಎರಡೂ ಹೋದವು. ಭತ್ತ ಹೊಡೆ ಬಿಚ್ಚುವ ಹೊತ್ತು. ನೀರಿಲ್ಲದೆ ಅರ್ಧ ಗದ್ದೆ ಜೊಳ್ಳಾಯ್ತು. ಪೊಲೀಸರು ಹಿಡಿದರು, ಮೋಟಾರೂ ಸಿಕ್ಕಿತು. ಹಿಡಿದವರು ಹದಿನೈದು ದಿನಕ್ಕೆ ಹೊರಗೆ ಬಂದು ನಮ್ಮೂರ ಟೀ ಅಂಗಡಿಯಲ್ಲೇ ಕೂರುತ್ತಾರೆ. ನನ್ನ ಮೋಟಾರು ಮಾತ್ರ ಸ್ಟೇಷನ್ ಹಿಂದೆ ಮಳೆಯಲ್ಲಿ ನೆನೀತಾ ಇದೆ. ಮುದ್ದೆಮಾಲು, ಅಂದ್ರೆ ಕೇಸಿನ ಸಾಕ್ಷಿ ವಸ್ತು, ಕೊಡಕ್ಕಾಗಲ್ಲ ಅಂತಾರೆ. ಆರೋಪಿಗೆ ಜಾಮೀನು, ಮೋಟಾರಿಗೆ ಜೈಲು. ಇದಕ್ಕೇನು ಹೇಳ್ತೀರಾ?

———

ಉತ್ತರ 3: ನಿವೃತ್ತ ಶಿರಸ್ತೇದಾರ

ಮಳವಳ್ಳಿಯವರೇ, ನಿಮ್ಮ ಸಿಟ್ಟು ಸರಿಯಾಗಿದೆ. ಕೋರ್ಟಿನಲ್ಲಿ ಕೇಸು ಸರ್ಕಾರದ್ದು ಅಂತ ಆಗಿಬಿಡುತ್ತದೆ. ಕಳಕೊಂಡವನು ಬರೀ ಒಂದನೇ ಸಾಕ್ಷಿ. ಅವನನ್ನು ಸಾಕ್ಷಿ ಹೇಳುವ ದಿನ ಮಾತ್ರ ಕರೆಯುತ್ತೇವೆ. ಇದು ನಮ್ಮ ವ್ಯವಸ್ಥೆಯ ದೊಡ್ಡ ಕೊರತೆ. ನಾನು ಒಪ್ಪುತ್ತೇನೆ.

ಆದರೆ ಮೋಟಾರು ಕೊಡಕ್ಕಾಗಲ್ಲ ಅನ್ನುವುದು ತಪ್ಪು. ಸ್ಟೇಷನ್ನಿನಲ್ಲಿ ವಸ್ತುಗಳು ಕೊಳೆಯಬಾರದು, ಪಂಚನಾಮೆ ಮಾಡಿ, ಫೋಟೊ ತೆಗೆದು, ಬಾಂಡು ಬರೆಸಿಕೊಂಡು ಮಾಲೀಕರಿಗೆ ಬೇಗ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ. ಗುಜರಾತಿನಿಂದ ಹೋದ ಸುಂದರ್‌ಭಾಯಿ ಕೇಸು. ನಿಮ್ಮ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಮಧ್ಯಂತರ ಸ್ವಾಧೀನಕ್ಕೆ ಅರ್ಜಿ ಹಾಕಿ. ಮೋಟಾರಿನ ಬಿಲ್ಲು ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಮೋಟಾರಿನ ನಂಬರ್ ಗೊತ್ತಿದೆಯಾ ನೋಡಿ, ರಿವೈಂಡಿಂಗ್ ಮಾಡಿಸಿದ ಅಂಗಡಿಯ ಚೀಟಿಯಾದರೂ ಹುಡುಕಿ.

ಒಂದು ಮಾತು ಮಾತ್ರ. ನಿಮ್ಮ ಕೇಸಿನವರು ಹದಿನೈದು ದಿನಕ್ಕೆ ಬಂದರು, ಅವರಿಗೆ ಊರಲ್ಲೇ ಶ್ಯೂರಿಟಿ ಸಿಕ್ಕಿತು. ರಾಯಚೂರಿನ ಹುಡುಗ ಐದು ತಿಂಗಳಿಂದ ಒಳಗಿದ್ದಾನೆ. ಇಬ್ಬರ ಮೇಲೂ ಕಳ್ಳತನದ ಆರೋಪವೇ. ಒಬ್ಬರು ಹೊರಗೆ, ಒಬ್ಬರು ಒಳಗೆ ಇರುವುದು ತಪ್ಪಿನ ತೂಕದಿಂದ ಅಲ್ಲ. ಇವನು ಒಳಗಿದ್ದರೆ ಆ ಗುತ್ತಿಗೆದಾರನ ಶೀಟೂ ವಾಪಸ್ ಬರುವುದಿಲ್ಲ, ನಿಮ್ಮ ಮೋಟಾರೂ ಬರುವುದಿಲ್ಲ.

———

ಉತ್ತರ 4: ಸಮಾಜಶಾಸ್ತ್ರದ ಮೇಷ್ಟ್ರು, ಶಿವಮೊಗ್ಗ

ಶಿರಸ್ತೇದಾರರು ಬರೆದದ್ದನ್ನು ನಾಳೆ ಕ್ಲಾಸಿನಲ್ಲಿ ಓದುತ್ತೇನೆ. "ಕಾನೂನಾ, ರೂಢಿಯಾ" ಅಂತ ಕೇಳಿದ್ದೀರಲ್ಲ, ನಮ್ಮ ವಿಷಯ ಶುರುವಾಗುವುದೇ ಆ ಪ್ರಶ್ನೆಯಿಂದ.

ಯೂಜೆನ್ ಎರ್ಲಿಕ್ ಅಂತ ಒಬ್ಬರಿದ್ದರು. ಆಗಿನ ಆಸ್ಟ್ರಿಯಾ ಸಾಮ್ರಾಜ್ಯದ ಪೂರ್ವದ ಅಂಚು, ಚೆರ್ನೊವಿಟ್ಸ್ ಅನ್ನುವ ಊರಿನ ವಿಶ್ವವಿದ್ಯಾಲಯದಲ್ಲಿ ಕಾನೂನು ಪಾಠ ಮಾಡುತ್ತಿದ್ದರು. ಅಲ್ಲಿ ರೊಮೇನಿಯನ್ನರು, ಉಕ್ರೇನಿಯನ್ನರು, ಯಹೂದಿಗಳು, ಜರ್ಮನ್ನರು ಎಲ್ಲರೂ ಇದ್ದರು. ಎಲ್ಲರಿಗೂ ಪುಸ್ತಕದಲ್ಲಿ ಇದ್ದದ್ದು ಒಂದೇ ಕಾನೂನು. ಆದರೆ ಮದುವೆ, ಆಸ್ತಿ, ಮನೆ ನಡೆಸುವುದು ಒಬ್ಬೊಬ್ಬರದು ಒಂದೊಂದು ಥರ. 1913ರಲ್ಲಿ ಅವರು ಇದನ್ನು "ಬದುಕಿರುವ ಕಾನೂನು" ಅಂತ ಕರೆದರು. ಜನರನ್ನು ನಿಜವಾಗಿ ಕಟ್ಟಿಹಾಕುವುದು ಅದು ಅಂದರು. ಅವರು ಹೇಳಿದ್ದು ಜನರ ಬದುಕಿನ ಬಗ್ಗೆ. ಆದರೆ ಕೋರ್ಟಿನ ಟೇಬಲ್ಲಿಗೂ ಅದರದ್ದೇ ಒಂದು ಬದುಕಿರುವ ಕಾನೂನು ಇರುತ್ತದೆ ಅಂತ ನನಗೆ ಅನಿಸುತ್ತದೆ. ಲೋಕಲ್ ಶ್ಯೂರಿಟಿ ಅಂಥದ್ದು. ಬರೆದ ಕಾನೂನಿನಲ್ಲಿ ಇಲ್ಲ, ತೀರ್ಪು ಬೇಡ ಅಂದಿದೆ, ಆದರೂ ಇದೆ.

ಮೊದಲನೇ ಪ್ರಶ್ನೆಗೂ ಒಬ್ಬರು ಹೆಸರು ಕೊಟ್ಟಿದ್ದಾರೆ. ಮಾಲ್ಕಮ್ ಫೀಲಿ ಅಂತ ಅಮೆರಿಕದ ವಿದ್ವಾಂಸರು. ನ್ಯೂ ಹೇವನ್ ಊರಿನ ಕೆಳಗಿನ ಕೋರ್ಟಿನಲ್ಲಿ ಕೂತು ನೋಡಿ 1979ರಲ್ಲಿ ಬರೆದರು. ಸಣ್ಣ ಕೇಸುಗಳಲ್ಲಿ ಜನ ಅನುಭವಿಸುವ ನಿಜವಾದ ಶಿಕ್ಷೆ ತೀರ್ಪಿನಲ್ಲಿ ಬರುವುದಲ್ಲ. ಜಾಮೀನಿಗೆ ಕೊಟ್ಟ ದುಡ್ಡು, ಹೋದ ಕೂಲಿ, ಅಲೆದಾಟ, ಇವೇ ಶಿಕ್ಷೆ. ಪ್ರಕ್ರಿಯೆಯೇ ಶಿಕ್ಷೆ ಅಂದರು. ಆ ದೊಡ್ಡಪ್ಪ ಬೆಂಗಳೂರಿಗೆ ಹೋದ ಬಸ್ ಚಾರ್ಜನ್ನು ಯಾವ ತೀರ್ಪಿನಲ್ಲೂ ಬರೆಯುವುದಿಲ್ಲ ಅಲ್ವಾ?

ನಮ್ಮ ದೇಶದ ಲೆಕ್ಕವನ್ನೂ ಹೇಳಿಬಿಡುತ್ತೇನೆ. 2022ರ ಕೊನೆಗೆ ಜೈಲುಗಳಲ್ಲಿ ಇದ್ದವರು ಸುಮಾರು 5.73 ಲಕ್ಷ. ಅವರಲ್ಲಿ 4.34 ಲಕ್ಷ ಜನ ವಿಚಾರಣಾಧೀನರು. ನೂರಕ್ಕೆ 75ಕ್ಕಿಂತ ಜಾಸ್ತಿ. ನಿಮ್ಮ ಪುಸ್ತಕದ ಪ್ರಕಾರ ಅಪವಾದ ಆಗಬೇಕಿದ್ದವರು ಅಲ್ಲಿ ಮುಕ್ಕಾಲು ಪಾಲು.

———

ಪ್ರಶ್ನೆ ಕೇಳಿದವರು (ಹತ್ತೊಂಬತ್ತು ದಿನದ ನಂತರ)

ಎಲ್ಲರಿಗೂ ವಂದನೆ. ಆಗಿದ್ದನ್ನು ಹೇಳಬೇಕು ಅನಿಸಿತು.

15100ಕ್ಕೆ ಫೋನ್ ಮಾಡಿದೆ. ಬೆಂಗಳೂರಿನ ಪ್ರಾಧಿಕಾರದಿಂದ ಒಬ್ಬರು ಪ್ಯಾನಲ್ ವಕೀಲರನ್ನು ಕೊಟ್ಟರು. ಹೆಣ್ಣುಮಗಳು, ತುಂಬಾ ತಾಳ್ಮೆಯಿಂದ ಮಾತಾಡಿದರು. ಕಾಗದಪತ್ರ ಎಲ್ಲ ಸ್ಕ್ಯಾನ್ ಮಾಡಿ ನಾನೇ ಕಳಿಸಿದೆ. ಶಿರಸ್ತೇದಾರ್ ಸರ್ ಹೇಳಿದ ಹಾಗೆ ರೇಷನ್ ಕಾರ್ಡ್ ಹಾಕಿದೆವು, ಮೋತಿರಾಮ್ ತೀರ್ಪಿನ ಪ್ರತಿಯನ್ನೂ ಹಾಕಿದೆವು. ಮೊದಲ ವಾಯಿದೆಗೆ ಪಿ.ಪಿ. (ಸರ್ಕಾರಿ ವಕೀಲರು) ತಕರಾರು ಸಲ್ಲಿಸಲು ಸಮಯ ಕೇಳಿದರು. ಎರಡನೇ ವಾಯಿದೆಗೆ ಆದೇಶ ಆಯ್ತು. ಬಾಂಡು 20,000ಕ್ಕೆ ಇಳಿಯಿತು, ದೊಡ್ಡಪ್ಪನ ರಾಯಚೂರಿನ ಪಹಣಿಯನ್ನೇ ಒಪ್ಪಿದರು. ಶುಕ್ರವಾರ ಸಂಜೆ ಹುಡುಗ ಹೊರಗೆ ಬಂದ.

ಭಾನುವಾರ ಅಂಗಡಿಗೆ ಬಂದಿದ್ದ. ತಾಯಿಯೂ ಜೊತೆಗಿದ್ದರು. ಅವನು ಜಾಸ್ತಿ ಮಾತಾಡಲಿಲ್ಲ. ಮುಂದಿನ ತಾರೀಕನ್ನು ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಹಾಕಿಕೊಡು ಅಕ್ಕಾ ಅಂದ. ಮೂರು ಪ್ರತಿ ಕೊಟ್ಟೆ. ಒಂದು ಮನೆ ಗೋಡೆಗೆ, ಒಂದು ದೊಡ್ಡಪ್ಪನಿಗೆ, ಒಂದು ಅವನ ಕಿಸೆಗೆ.

ಸರ್, ಒಂದು ಅನುಮಾನ ಉಳಿದಿದೆ. ಅವನಿಗೆ ಮತ್ತೆ ಬೆಂಗಳೂರಿಗೆ ಕೆಲಸಕ್ಕೆ ಹೋಗಲು ಧೈರ್ಯ ಇಲ್ಲ, ಇಲ್ಲೇ ಹತ್ತಿ ಜಿನ್ನಿಂಗ್‌ನಲ್ಲಿ ಕೆಲಸ ಹುಡುಕುತ್ತಿದ್ದಾನೆ. ಪ್ರತಿ ವಾಯಿದೆಗೂ ಎರಡು ದಿನದ ಕೂಲಿ, ಬಸ್ ಚಾರ್ಜು ಹೋಗುತ್ತದೆ. ಏನಾದರೂ ದಾರಿ ಇದೆಯಾ?

———

ಉತ್ತರ 5: ನಿವೃತ್ತ ಶಿರಸ್ತೇದಾರ

ತುಂಬಾ ಸಂತೋಷ ಆಯ್ತಮ್ಮ. ಮನೆಯವಳಿಗೂ ಓದಿ ಹೇಳಿದೆ.

ದಾರಿ ಇದೆ. ಬರಲು ಆಗದ ದಿನ ವಕೀಲರ ಮೂಲಕ ಗೈರುಹಾಜರಿ ಮನ್ನಾ ಅರ್ಜಿ ಹಾಕಿಸಿ. ಕಾರಣ ನಿಜವಾದದ್ದು ಇರಲಿ, ಕೇಸು ಕರೆಯುವ ಮುಂಚೆ ಅರ್ಜಿ ಕೋರ್ಟಿನಲ್ಲಿರಲಿ. ಕರೆದ ಮೇಲೆ ಹಾಕಿದರೆ ಅಷ್ಟರಲ್ಲಿ ವಾರಂಟು ಬರೆದಾಗಿರುತ್ತದೆ. ಆದರೆ ದೋಷಾರೋಪ ಓದಿ ಹೇಳುವ ದಿನ, ಸಾಕ್ಷಿಗಳು ಅವನನ್ನು ಗುರುತಿಸಬೇಕಾದ ದಿನ, ಸಾಕ್ಷ್ಯದ ಬಗ್ಗೆ ಆರೋಪಿಯನ್ನೇ ಕೇಳಿ ಬರೆದುಕೊಳ್ಳುವ 351ನೇ ಕಲಮಿನ ಹೇಳಿಕೆಯ ದಿನ, ತೀರ್ಪಿನ ದಿನ, ಇವಕ್ಕೆ ತಪ್ಪದೆ ಹೋಗಲಿ. ಉಳಿದ ದಿನ ವಕೀಲರಿಗೆ ಹಿಂದಿನ ಸಂಜೆ ಒಂದು ಫೋನ್ ಮಾಡಿ ಕೇಳಿಕೊಳ್ಳಲಿ. ನಾಳೆ ಸಾಹೇಬರು ರಜೆ ಇದ್ದರೆ ಅದೂ ಗೊತ್ತಾಗುತ್ತದೆ, ಬಸ್ ಹತ್ತುವುದು ಉಳಿಯುತ್ತದೆ.